ಇಪ್ಪತ್ತನಾಲ್ಕು ಮೆಟ್ಟಿಲಿನ ವಾಲ್ಯೂಮ್: ನನ್ನ ಅನುಭವ

ರಾತ್ರಿ ಹೊತ್ತು ಸಣ್ಣ ಧ್ವನಿಯಲ್ಲಿ ಕೇಳುವಾಗ ಗಾಯಕರ ದನಿ ಎಡಕ್ಕೆ ವಾಲುವುದು ನನ್ನ ಆಂಪ್ಲಿಫೈಯರಿನ ಹಳೆಯ ದೋಷ. ಎಡ, ಬಲ ಎರಡೂ ಚಾನೆಲ್‌ಗಳ ಧ್ವನಿಯನ್ನು ಒಟ್ಟಿಗೆ ಏರಿಳಿಸುವ ಸ್ಟೀರಿಯೊ ಪಾಟನ್ನು (ವಾಲ್ಯೂಮ್ ಗುಂಡಿಯ ಹಿಂದಿನ ಭಾಗ) ಮೂರು ಸಲ ಬದಲಾಯಿಸಿದರೂ ಕೆಳತುದಿಯಲ್ಲಿ ಎರಡು ಚಾನೆಲ್‌ಗಳ ನಡುವೆ ಎರಡು ಮೂರು ಡೆಸಿಬೆಲ್ (ಧ್ವನಿಮಟ್ಟದ ಅಳತೆ) ವ್ಯತ್ಯಾಸ ಉಳಿದೇ ಇತ್ತು. ತಿರುಗಿಸಿದಂತೆ ಒಂದೊಂದೇ ಸ್ಥಾನಕ್ಕೆ ಹೋಗುವ ರೋಟರಿ ಸ್ವಿಚ್ಚಿಗೆ, ವಿದ್ಯುತ್ತಿನ ಹರಿವನ್ನು ತಡೆಯುವ ರೆಸಿಸ್ಟರ್‌ಗಳನ್ನು ಕಟ್ಟಿ ಮೆಟ್ಟಿಲು ವಾಲ್ಯೂಮ್ ಮಾಡುತ್ತೇನೆಂದಾಗ, ಅಷ್ಟು ಬೆಸುಗೆಗಳ ಮೂಲಕ ಹಾದರೆ ಸದ್ದು ಕೆಡುತ್ತದೆ, 2 ಡೆಸಿಬೆಲ್‌ನ ಹೆಜ್ಜೆ ಕಿವಿಗೆ ಒರಟಾಗುತ್ತದೆ ಎಂದು ಗೆಳೆಯರು ತಡೆದರು. ಈಗ ಅವರಲ್ಲೇ ಇಬ್ಬರು ತಮಗೂ ಒಂದೊಂದು ಮಾಡಿಕೊಡುವಂತೆ ಕೇಳಿದ್ದಾರೆ.

ಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಎರಡು ಪೋಲ್ (ಎಡಕ್ಕೊಂದು, ಬಲಕ್ಕೊಂದು), ಆರು ಸ್ಥಾನದ ಸ್ವಿಚ್ಚನ್ನೇ ಬಳಸಿದೆ. ಒಂದು ಸ್ಥಾನದಲ್ಲಿ ಧ್ವನಿ ಸಾಲದು, ಮುಂದಿನದರಲ್ಲಿ ಅತಿಯಾಗುತ್ತಿತ್ತು. ಎರಡನೆಯ ಸಲ ಸುಮಾರು ಎಂಟುನೂರು ರೂಪಾಯಿ ಕೊಟ್ಟು ತಂದ 24 ಸ್ಥಾನದ ಸ್ವಿಚ್, ಒಂದು ಸಂಪರ್ಕವನ್ನು ಬಿಟ್ಟ ಮೇಲೆ ಇನ್ನೊಂದನ್ನು ಹಿಡಿಯುವ ಜಾತಿಯದು. ತಿರುಗಿಸಿದಾಗಲೆಲ್ಲ ಸ್ಪೀಕರಿನಲ್ಲಿ ಟಪ್ಪೆಂದು ಸದ್ದಾಗುತ್ತಿತ್ತು. ಮೂರನೆಯದು, ಮುಂದಿನದನ್ನು ಹಿಡಿದ ನಂತರವೇ ಹಿಂದಿನದನ್ನು ಬಿಡುವಂಥದು, ಸರಿಯಾಗಿತ್ತು. ಆದರೆ ಬೆಸುಗೆಯ ಕಾವು ಹೆಚ್ಚಾಗಿ ಅದರ ಪ್ಲಾಸ್ಟಿಕ್ ಬಿಲ್ಲೆ ಕರಗಿ ಎರಡು ಕಾಲುಗಳು ಸಡಿಲವಾದವು. ಗೆದ್ದದ್ದು ನಾಲ್ಕನೆಯದು. ಕೆಟ್ಟವುಗಳಿಗೇ ಎರಡೂವರೆ ಸಾವಿರ ಹೋಗಿರಬೇಕು. ಗೆದ್ದದ್ದಕ್ಕೆ ಸ್ವಿಚ್, ರೆಸಿಸ್ಟರ್ ಸೇರಿ ಸಾವಿರದ ನಾನೂರರ ಆಸುಪಾಸು.

ಗೆದ್ದದ್ದರ ಒಟ್ಟು ರೋಧ 10 ಕಿಲೋ ಓಮ್, ಒಂದರ ತುದಿಗೆ ಇನ್ನೊಂದನ್ನು ಕಟ್ಟುವ ಸರಣಿ ಜೋಡಣೆ, ಚಾನೆಲ್ಲಿಗೆ 23 ರೆಸಿಸ್ಟರ್. ಮೇಲಿನಿಂದ 2.05 ಕಿಲೋ ಓಮ್, 1.62, 1.3, 1.02, ಆಮೇಲೆ 820 ಓಮ್, ಹೀಗೆ ಇಳಿಯುತ್ತದೆ. ಎರಡೆರಡು ಡೆಸಿಬೆಲ್‌ನ ಹತ್ತು ಹೆಜ್ಜೆಗೆ ವೋಲ್ಟೇಜ್ ಹತ್ತನೇ ಒಂದಕ್ಕೆ ಇಳಿಯುವುದರಿಂದ, ಹನ್ನೊಂದನೆಯ ರೆಸಿಸ್ಟರ್‌ನಿಂದ ಅದೇ ಅಂಕಿಗಳು ಒಂದು ಸೊನ್ನೆ ಕಳೆದುಕೊಂಡು ಮರಳಿ ಬರುತ್ತವೆ. ಇದು ಹೊಳೆದ ದಿನ ಲೆಕ್ಕದ ಹಾಳೆಯನ್ನೇ ಎತ್ತಿಟ್ಟೆ. ಕೆಳಗಿನ ನಾಲ್ಕು ಹೆಜ್ಜೆಗಳನ್ನು ಮಾತ್ರ 2 ಡೆಸಿಬೆಲ್‌ಗಿಂತ ಅಗಲಿಸಿದ್ದೇನೆ. ಎಷ್ಟೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಿಜವಾದ ಕೆಲಸ ಜೋಡಿ ಹುಡುಕುವುದು. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಒಂದೊಂದು ಬೆಲೆಯಲ್ಲೂ ಇಪ್ಪತ್ತರಂತೆ ತಂದು, ಎರಡು ಸಂಜೆ ಮಲ್ಟಿಮೀಟರಿನಲ್ಲಿ ಅಳೆದು, ಎಡಕ್ಕೂ ಬಲಕ್ಕೂ ಒಂದೇ ಅಳತೆ ತೋರುವ ಜೋಡಿಗಳನ್ನು ಆರಿಸಿದೆ. 1.3 ಕಿಲೋ ಓಮ್ ಎಂದದ್ದು 1.31 ಇದ್ದರೆ ನಷ್ಟವಿಲ್ಲ, ಎರಡು ಕಡೆಯೂ 1.31 ಇದ್ದರೆ ಸಾಕು.

ನಡುವೆ ಒಟ್ಟು ರೋಧ 100 ಕಿಲೋ ಓಮ್‌ನದನ್ನೂ ಕಟ್ಟಿ ನೋಡಿದೆ. 6 ಡೆಸಿಬೆಲ್ ಇಳಿಸಿದ ಜಾಗದಲ್ಲಿ ಮುಂದಿನ ಕೇಬಲ್ಲಿಗೆ ಕಾಣುವ ಅದರ ಹೊರಗಿನ ರೋಧ 25 ಕಿಲೋ ಓಮ್ ಆಗುತ್ತದೆ. ಮೂರು ಮೀಟರ್ ಕೇಬಲ್‌ನ 300 ಪಿಕೋಫ್ಯಾರಡ್ ಧಾರಕತ್ವ (ವಿದ್ಯುತ್ತನ್ನು ಹಿಡಿದಿಡುವ ಗುಣ) ಸೇರಿದರೆ 21 ಕಿಲೋಹರ್ಟ್ಸ್‌ಗೇ 3 ಡೆಸಿಬೆಲ್ ಹೋಗಿ, ತಾಳದ ಝಣತ್ಕಾರ ಮಂಕಾಯಿತು. ಆರು ರಿಲೇಗಳ (ವಿದ್ಯುತ್ತಿನಿಂದ ಹೊರಳುವ ಸ್ವಿಚ್ಚುಗಳು), 63 ಡೆಸಿಬೆಲ್‌ನ ಇನ್ನೊಂದನ್ನೂ ಮಾಡಿದೆ. ಅದರಲ್ಲಿ 31 ಡೆಸಿಬೆಲ್‌ನಿಂದ 32ಕ್ಕೆ ಹೋಗುವಾಗ ಆರೂ ರಿಲೇಗಳು ಒಟ್ಟಿಗೆ ಹೊರಳುವುದರಿಂದ ಬರುವ ಸದ್ದನ್ನು ಇನ್ನೂ ಪೂರ್ತಿ ಅಡಗಿಸಲಾಗಿಲ್ಲ.

400 ಹರ್ಟ್ಸ್ ಸ್ವರ ಕೊಟ್ಟು ಅಳೆದಾಗ, 30 ಡೆಸಿಬೆಲ್ ಇಳಿಸಿದ ಸ್ಥಾನದವರೆಗೂ ಎಡಬಲಗಳ ವ್ಯತ್ಯಾಸ ಒಂದು ಡೆಸಿಬೆಲ್‌ನ ಹತ್ತನೇ ಭಾಗವನ್ನು ಮೀರಲಿಲ್ಲ. ಅಂದು ರಾತ್ರಿ ಕೆಳಗಿನಿಂದ ನಾಲ್ಕನೆಯ ಮೆಟ್ಟಿಲಿನಲ್ಲಿ ಕೇಳಿದ ಆಲಾಪನೆ ಸ್ಪೀಕರ್‌ಗಳ ನಟ್ಟನಡುವೆಯೇ ನಿಂತಿತ್ತು.