ಸ್ಲೇಟಿನ ಮೊಸಾಯಿಕ್: ಕಲ್ಲಿನ ಪದರ ನೋಡಿ ಮಾಡುವ ಕೆಲಸ

ಪುಣೆಯಲ್ಲಿ ಮೊಸಾಯಿಕ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮಾಳಿಗೆಯಿಂದ ಮಳೆನೀರು ಇಳಿಯದಂತೆ ಗೌಂಡಿಗಳು ಬಿಳಿ ಟೈಲ್ಸಿನ ಚೂರುಗಳನ್ನು ಸಿಮೆಂಟಿನಲ್ಲಿ ಒತ್ತಿ ಮಾಡುವ ‘ಚೈನಾ ಮೊಸಾಯಿಕ್’. ಟೈಲ್ಸಿನ ಚೂರಿಗೆ ಹೊಳಪಿನ ಮುಖ ಒಂದೇ ಇರುವುದರಿಂದ ಅದು ಹೇಗೆ ಒಡೆದರೂ ಆ ಮುಖ ಮೇಲೆ ಬಂದರೆ ಕೆಲಸ ನಡೆಯುತ್ತದೆ. ಸ್ಲೇಟಿನ ವಿಷಯ ಹಾಗಲ್ಲ. ಪದರದ ಗುಂಟ ತಟ್ಟಿದರೆ ಈ ಕಲ್ಲು ಹಾಳೆಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಪದರಕ್ಕೆ ಅಡ್ಡವಾಗಿ ಹೊಡೆದರೆ ಚಕ್ಕೆಯೆದ್ದು ಸಿಡಿಯುತ್ತದೆ. ಆದ್ದರಿಂದ ಕಲ್ಲನ್ನು ಆರಿಸುವುದರಿಂದ ಹಿಡಿದು ಕೊನೆಯ ಚೂರನ್ನು ಕೂರಿಸುವವರೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪದರ ಯಾವ ದಿಕ್ಕಿಗಿದೆ, ಅದರ ಮುಖವನ್ನು ತೋರಿಸಬೇಕೋ ಅಂಚನ್ನು ತೋರಿಸಬೇಕೋ? ಗೋಡೆಗೆ ತೂಗುಹಾಕುವಂಥ, ಸುಮಾರು 60 ಸೆಂ.ಮೀ. ಅಗಲ ಮತ್ತು 45 ಸೆಂ.ಮೀ. ಎತ್ತರದ ಫಲಕವೊಂದನ್ನು ಮಾಡಬಯಸುವವರನ್ನು ಎದುರಿಗಿಟ್ಟುಕೊಂಡು ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕಲ್ಲಿನ ಆಯ್ಕೆ

ನುಣ್ಣನೆಯ ಕೆಸರು ಗಟ್ಟಿಯಾಗಿ ಆದ ಜೇಡಿಕಲ್ಲು ನೆಲದಾಳದಲ್ಲಿ ಒತ್ತಡಕ್ಕೂ ಮಿತವಾದ ಶಾಖಕ್ಕೂ ಸಿಕ್ಕಿದಾಗ ಅದರೊಳಗಿನ ಅಭ್ರಕದಂಥ ಖನಿಜಗಳ ಅತಿಸೂಕ್ಷ್ಮ ಹಾಳೆಗಳು ಒತ್ತಡದ ದಿಕ್ಕಿಗೆ ಲಂಬವಾಗಿ ಸಾಲುಗಟ್ಟುತ್ತವೆ. ಸ್ಲೇಟು ಸೀಳುವುದು ಈ ಸಾಲಿನ ಗುಂಟವೇ ಹೊರತು ಮೂಲ ಕೆಸರು ಪದರಪದರವಾಗಿ ಶೇಖರವಾದ ದಿಕ್ಕಿನಲ್ಲಿಯೇ ಆಗಬೇಕೆಂದಿಲ್ಲ. ಇಂಗಾಲದ ಅಂಶದಿಂದ ಬೂದು ಮತ್ತು ಕಪ್ಪು, ಕ್ಲೋರೈಟ್ ಖನಿಜದಿಂದ ಹಸಿರು, ಹೆಮಟೈಟ್‌ನಿಂದ ನೇರಳೆ ಹಾಗೂ ಕೆಂಪು ಛಾಯೆಗಳು ಬರುತ್ತವೆ. ಪುಣೆಯ ನೆಲವೆಲ್ಲ ಲಾವಾ ಆರಿ ಆದ ಬಸಾಲ್ಟ್ ಆಗಿರುವುದರಿಂದ ಇಲ್ಲಿ ಸ್ಲೇಟು ಸಿಗದು. ರಾಜಸ್ಥಾನ, ಹರಿಯಾಣ, ಹಿಮಾಚಲ ಪ್ರದೇಶ ಮತ್ತು ಆಂಧ್ರಪ್ರದೇಶಗಳಿಂದ ಬಂದದ್ದನ್ನೇ ಕೊಳ್ಳಬೇಕು. ನಮ್ಮಲ್ಲಿ ಹಲವರು ಬಾಲ್ಯದಲ್ಲಿ ಬಳಪದಿಂದ ಬರೆದ ಪಾಟಿಗಳಿಗೆ ಕಲ್ಲು ಒದಗಿಸಿದ ಊರು ಆಂಧ್ರದ ಮಾರ್ಕಾಪುರ. ಹಳೆಯ ಪಾಟಿಯೊಂದು ಅಟ್ಟದ ಮೇಲೆ ಉಳಿದಿದ್ದರೆ ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ.

ಅಂಗಡಿಯಲ್ಲಿ ಮೊದಲು ಬಗೆಹರಿಸಿಕೊಳ್ಳಬೇಕಾದ ಗೊಂದಲವೊಂದಿದೆ. ಇಲ್ಲಿನ ಅಡುಗೆಕಟ್ಟೆಗಳಿಗೆ ಹಾಸುವ ಕಡಪ ಕಲ್ಲು ಕಪ್ಪಾಗಿದ್ದು ಚಪ್ಪಡಿಯಾಗಿಯೇ ಬರುವುದರಿಂದ ಅದನ್ನು ಸ್ಲೇಟೆಂದು ಕೊಳ್ಳುವವರಿದ್ದಾರೆ. ಆದರೆ ಅದು ಸುಣ್ಣಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಇವೆರಡೂ ಕೆಟ್ಟ ಕಲ್ಲುಗಳಲ್ಲ, ಆದರೆ ಸ್ಲೇಟಿನಂತೆ ತೆಳುವಾಗಿ ಸೀಳುವುದಿಲ್ಲ. ಪರೀಕ್ಷೆ ಸುಲಭವಾಗಿದೆ. ಕಲ್ಲಿನ ಹಿಂಬದಿಯನ್ನು ಮೊಳೆಯಿಂದ ಗೀರಿ ಸ್ವಲ್ಪ ಪುಡಿ ಎಬ್ಬಿಸಿ, ಹೈಡ್ರೋಕ್ಲೋರಿಕ್ ಆಮ್ಲವಿರುವ ಶೌಚಾಲಯ ಶುದ್ಧಕದ ಒಂದು ಹನಿಯನ್ನು ಕೈಗವಸು ಹಾಕಿಕೊಂಡು ಬಯಲಿನಲ್ಲಿ ಅದರ ಮೇಲೆ ಬಿಡಬೇಕು. ಬುರುಗು ಎದ್ದರೆ ಅದು ಸುಣ್ಣಕಲ್ಲು. ಸಾಮಾನ್ಯವಾಗಿ ಸ್ಲೇಟಿನ ಮೇಲೆ ಹನಿ ಸುಮ್ಮನೆ ಕೂರುತ್ತದೆ.

ಸ್ಲೇಟಿನಲ್ಲಿಯೂ ಎಲ್ಲವೂ ಒಂದೇ ಗುಣದ್ದಲ್ಲ. ತುಂಡೊಂದನ್ನು ಬೆರಳ ತುದಿಯಲ್ಲಿ ತೂಗಿ ಹಿಡಿದು ಗೆಣ್ಣಿನಿಂದ ತಟ್ಟಿದಾಗ ಖಣಿಲೆಂಬ ನಾದ ಬಂದರೆ ಪದರಗಳು ಒಂದಕ್ಕೊಂದು ಬಿಗಿಯಾಗಿವೆ. ಬೊದ್ದು ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ. ಇನ್ನೊಂದು ಪರೀಕ್ಷೆ ಮನೆಯ ಮಾಡಿಗೆ ಸ್ಲೇಟು ಹೊದಿಸುವವರದು: ತುಂಡನ್ನು ಅರ್ಧ ಮುಳುಗುವಂತೆ ನೀರಿನಲ್ಲಿ ನಿಲ್ಲಿಸಿ ಮರುದಿನ ನೋಡಿದಾಗ, ತೇವ ನೀರಿನ ಮಟ್ಟಕ್ಕಿಂತ ಕೂದಲೆಳೆಯಷ್ಟೇ ಮೇಲೇರಿದ್ದರೆ ಕಲ್ಲು ದಟ್ಟವಾಗಿದೆ. ಬಾಲ್ಕನಿಯಲ್ಲಿ ಮಳೆಯ ಇರಿಚಲಿಗೆ ಸಿಕ್ಕುವ ಫಲಕಕ್ಕೆ ಈ ಪರೀಕ್ಷೆಯನ್ನು ಬಿಡಕೂಡದು. ಹಿತ್ತಾಳೆಯ ಹೊಳಪಿನ ಕಣಗಳಿರುವ ಕಲ್ಲನ್ನೂ ಹೊರಾಂಗಣಕ್ಕೆ ಬಳಸಬಾರದು. ಅವು ಪೈರೈಟ್ ಆಗಿದ್ದು ನೀರು ಗಾಳಿಗಳಿಗೆ ಒಡ್ಡಿಕೊಂಡಾಗ ತುಕ್ಕಿನ ಗೆರೆಗಳನ್ನು ಇಳಿಬಿಡುತ್ತವೆ. 8ರಿಂದ 12 ಮಿ.ಮೀ. ದಪ್ಪದ ಸೀಳುಮುಖದ ಟೈಲ್ಸುಗಳು ನಮ್ಮ ಕೆಲಸಕ್ಕೆ ಅನುಕೂಲ. ಸಾಣೆ ಹಿಡಿದು ನುಣುಪು ಮಾಡಿದ ಸ್ಲೇಟನ್ನು ನಾನು ಕೊಳ್ಳುವುದಿಲ್ಲ, ಏಕೆಂದರೆ ಆ ಕಲ್ಲಿನ ಚೆಲುವಿನ ಅರ್ಧ ಭಾಗ ಸಾಣೆಯಲ್ಲೇ ಹೋಗಿರುತ್ತದೆ.

ದೂಳಿನ ವಿಷಯ

ಉಪಕರಣ ಎತ್ತಿಕೊಳ್ಳುವ ಮೊದಲೇ ಹೇಳಬೇಕಾದ ಮಾತು ಇದು. ಸ್ಲೇಟಿನಲ್ಲಿ ಸ್ಫಟಿಕಶಿಲೆಯ, ಎಂದರೆ ಸಿಲಿಕಾದ, ಪಾಲು ಗಣನೀಯವಾಗಿರುತ್ತದೆ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಶ್ವಾಸಕೋಶದಲ್ಲಿ ನೆಲೆಸಿ ಉಂಟುಮಾಡುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಬಳಪ ಕೊಯ್ಯುವ ಕಾರ್ಖಾನೆಗಳ ಕೆಲಸಗಾರರು ಈ ರೋಗಕ್ಕೆ ತುತ್ತಾದದ್ದು ವೈದ್ಯಕೀಯವಾಗಿ ದಾಖಲಾಗಿರುವ ಸಂಗತಿ. ಆದ್ದರಿಂದ ಯಂತ್ರದಿಂದ ಕೊಯ್ಯುವುದಾದರೆ ನೀರು ಹಾಯಿಸಿಯೇ ಕೊಯ್ಯಬೇಕು. ಬಟ್ಟೆಯ ಮುಸುಕು ಸಾಲದು, ಎನ್95 ಅಥವಾ ಅದಕ್ಕಿಂತ ಮೇಲ್ಮಟ್ಟದ ಮುಖಗವಸನ್ನು ಮುಖಕ್ಕೆ ಬಿಗಿಯಾಗಿ ಕೂರುವಂತೆ ಧರಿಸಬೇಕು. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಲ್ಲಿನ ರಾಡಿಯನ್ನು ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟಿಕೊಂಡು ಸೊಸೈಟಿಯವರ ಜೊತೆ ಜಗಳ ಗ್ಯಾರಂಟಿ. ಬಕೆಟ್ಟಿನಲ್ಲಿ ತಳಕ್ಕಿಳಿಯಲು ಬಿಟ್ಟು, ತಿಳಿನೀರನ್ನು ಬಸಿದು, ಕೆಸರನ್ನು ಚೀಲಕ್ಕೆ ತುಂಬಿ ವಿಲೇವಾರಿ ಮಾಡಬೇಕು. ಕಣ್ಣಿಗೆ ಕನ್ನಡಕ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಸೀಳುವುದು, ಕೊಯ್ಯುವುದು

ಅಗಲವಾದ, ತೆಳುಬಾಯಿಯ ಉಳಿ, ಹಗುರವಾದ ಸುತ್ತಿಗೆ, ಟೈಲ್ಸ್ ಕಚ್ಚುವ ಇಕ್ಕಳ, ಕಾರ್ಬೈಡ್ ಮೊನೆಯ ಗೀರುಕಡ್ಡಿ ಇವಿಷ್ಟು ರವಿವಾರ ಪೇಠೆಯ ಬೋಹ್ರಿ ಆಳಿಯ ಹಾರ್ಡ್‌ವೇರ್ ಅಂಗಡಿಗಳನ್ನು ಒಮ್ಮೆ ಸುತ್ತಿದರೆ ದೊರೆಯುತ್ತವೆ. ಡೈಮಂಡ್ ಬ್ಲೇಡಿನ ಕಟರ್ ಇಲ್ಲದವರು ಟೈಲ್ಸನ್ನು ಪಟ್ಟಿಗಳಾಗಿ ಕೊಯ್ದುಕೊಡಲು ಅಂಗಡಿಯವರನ್ನೇ ಕೇಳಬಹುದು. ಮನೆಯೊಳಗಿನ ದೂಳೂ ಅಷ್ಟು ತಪ್ಪುತ್ತದೆ.

ಸೀಳುವಾಗ ಉಳಿಯನ್ನು ಅಂಚಿನ ಸರಿಮಧ್ಯಕ್ಕೆ ಇಡುವುದು ಮುಖ್ಯ. 12 ಮಿ.ಮೀ. ಕಲ್ಲನ್ನು ಮೊದಲು ಆರಾರಾಗಿ, ಆಮೇಲೆ ಮೂರು ಮೂರಾಗಿ, ಹೀಗೆ ಪ್ರತಿ ಸಲವೂ ಅರ್ಧಕ್ಕೆ ಸೀಳಬೇಕು. ಎರಡೂ ಬದಿಯ ದಪ್ಪ ಸಮವಾಗಿದ್ದರೆ ಸೀಳು ನೇರವಾಗಿ ಓಡುತ್ತದೆ. ಒಂದು ಬದಿ ತೆಳುವಾಗಿದ್ದರೆ ಅದು ಆ ಬದಿಗೇ ಹಾರಿ ನಡುವೆ ಮುರಿದುಕೊಳ್ಳುತ್ತದೆ. ಒಂದೇ ಜಾಗದಲ್ಲಿ ಜೋರಾಗಿ ಹೊಡೆಯದೆ ಅಂಚಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಣಿಗಳಲ್ಲಿ ಸ್ಲೇಟಿನ ದಿಮ್ಮಿಗಳನ್ನು ಸೀಳುವವರೆಗೆ ತೇವ ಆರದಂತೆ ಕಾಯುತ್ತಾರೆ. ಒಣಗಿದ ಕಲ್ಲು ಅಷ್ಟು ಸಲೀಸಾಗಿ ಬಿಡಿಸಿಕೊಳ್ಳದು. ಅಂಗಡಿಯಿಂದ ತಂದ ಟೈಲ್ಸಿಗೆ ಗಣಿಯ ಆ ತೇವವನ್ನು ಮರಳಿ ಕೊಡಲಾಗದಿದ್ದರೂ ರಾತ್ರಿಯಿಡೀ ನೆನೆಹಾಕಿದರೆ ದೂಳಾದರೂ ಏಳುವುದಿಲ್ಲ.

ಅಡ್ಡ ಕತ್ತರಿಸುವಾಗ ತಿಳಿದಿರಬೇಕಾದ ಗುಟ್ಟು ಮಾಡು ಹೊದಿಸುವವರಿಂದ ಬಂದದ್ದು. ಪೆಟ್ಟು ಬಿದ್ದ ಮುಖದ ಅಂಚು ಹೆಚ್ಚುಕಡಿಮೆ ನೇರವಾಗಿ ಉಳಿಯುತ್ತದೆ, ಎದುರು ಮುಖದಲ್ಲಿ ಚಕ್ಕೆಗಳೆದ್ದು ಅಂಚು ಇಳಿಜಾರಾಗುತ್ತದೆ. ಅವರು ಈ ಚಕ್ಕೆಯಂಚು ಮೇಲ್ಮುಖಕ್ಕೆ ಬರಲೆಂದು ಕಲ್ಲನ್ನು ಬೋರಲು ಹಾಕಿ ಹಿಂಬದಿಯಿಂದ ಹೊಡೆಯುತ್ತಾರೆ. ಚೂರುಗಳ ನಡುವೆ ಬಿಗಿಯಾದ, ನೇರವಾದ ಸಂದು ಬೇಕಿದ್ದರೆ ನಾವು ಮುಂಭಾಗದಿಂದಲೂ, ಸಂದಿನ ಬದಿಯಲ್ಲಿ ಒರಟಾದ ಇಳಿಜಾರು ಬೇಕಿದ್ದರೆ ಹಿಂಬದಿಯಿಂದಲೂ ಹೊಡೆಯಬೇಕು. ಗಾಜು ಕತ್ತರಿಸಲು ಬಳಸುವ ಚಕ್ರದ ಇಕ್ಕಳ ಎರಡೂ ಬದಿಯಿಂದ ಒಟ್ಟಿಗೆ ಒತ್ತುವುದರಿಂದ ದಪ್ಪ ಸ್ಲೇಟಿನ ಪದರಗಳನ್ನು ನುಚ್ಚಾಗಿಸುತ್ತದೆ, ಐದು ಮಿ.ಮೀ. ಒಳಗಿನ ತುಂಡುಗಳಿಗೆ ಮಾತ್ರ ಅದು ಸರಿ.

ಈಗ ಈ ಬರಹದ ಮುಖ್ಯ ಭಾಗ, ಎಂದರೆ ಕಡ್ಡಿಗಳನ್ನು ಮಾಡುವ ಕ್ರಮ. ಟೈಲ್ಸನ್ನು ಮೊದಲು ನೀರು ಹಾಯಿಸಿ 10 ಮಿ.ಮೀ. ಅಗಲದ ಪಟ್ಟಿಗಳಾಗಿ ಕೊಯ್ದು, ಆಮೇಲೆ ಒಂದೊಂದು ಪಟ್ಟಿಯನ್ನೂ ಪದರದ ಗುಂಟ ಸೀಳಿದರೆ 2ರಿಂದ 5 ಮಿ.ಮೀ. ದಪ್ಪದ ಕಡ್ಡಿಗಳು ಸಿಗುತ್ತವೆ. ಇವನ್ನು ಕೊಯ್ದ ಬದಿ ತಳಕ್ಕೆ ಬರುವಂತೆ ಅಂಚಿನ ಮೇಲೆ ನಿಲ್ಲಿಸಿದಾಗ ಎಲ್ಲದರ ಎತ್ತರವೂ 10 ಮಿ.ಮೀ. ಇರುತ್ತದೆ, ದಪ್ಪ ಮಾತ್ರ ಕಲ್ಲಿನ ಇಷ್ಟದಂತೆ ಹೆಚ್ಚುಕಡಿಮೆಯಾಗುತ್ತದೆ. ಮಟ್ಟ ಸರಿಹೊಂದಿಸುವ ತಲೆನೋವು ಹೀಗೆ ತಪ್ಪಿದರೂ ಸಾಲುಗಳಿಗೆ ಕೈಬರಹದ ಏರಿಳಿತ ತಾನಾಗಿ ಬರುತ್ತದೆ. ಕೊಯ್ದ ಬದಿಯೇ ಮೇಲೂ ಕಾಣಬಾರದೆಂದಿದ್ದರೆ ಪಟ್ಟಿಯನ್ನು 20 ಮಿ.ಮೀ. ಅಗಲಕ್ಕೆ ಕೊಯ್ದು, ಸೀಳಿದ ಮೇಲೆ ಕಡ್ಡಿಯ ನಡುವೆ ಗೀರಿ ಮುರಿದು, ಮುರಿದ ಬದಿಯನ್ನು ಮೇಲೆ ಮಾಡಬಹುದು. ಶ್ರಮ ಇಮ್ಮಡಿಯಾಗುತ್ತದೆ, ನೋಟವೂ.

ವಿನ್ಯಾಸ

ಸೀಳಿದ ಮುಖದಲ್ಲಿ ಅಭ್ರಕದ ಕಾರಣ ರೇಷ್ಮೆಯಂಥ ನಸುಹೊಳಪಿರುತ್ತದೆ. ಅಂಚು ಮಂಕಾಗಿದ್ದು ಸಾಲುಗಳ ನಡುವೆ ನೆರಳು ಹಿಡಿಯುತ್ತದೆ. ಒಂದೇ ಕಲ್ಲಿನಿಂದ ಹೀಗೆ ಎರಡು ಬಗೆಯ ಕಪ್ಪು ದೊರೆಯುವುದರಿಂದ ಬಣ್ಣಬಣ್ಣದ ಗಾಜನ್ನು ಬೆರೆಸುವ ಆತುರ ಬೇಡ. ಉತ್ತರ ಕರ್ನಾಟಕದಿಂದ ಬಂದು ಪುಣೆಯಲ್ಲಿ ನೆಲೆಸಿದ ಮನೆಗಳವರಿಗೆ ಮಾದರಿಗಾಗಿ ದೂರ ಹುಡುಕಬೇಕಾಗಿಲ್ಲ. ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಧಾರವಾಡದ ಕಸೂತಿಯು ಸ್ಲೇಟಿಗಾಗಿಯೇ ಹುಟ್ಟಿದಂತಿದೆ. ಗವಂತಿ ಹೊಲಿಗೆಯ ಗೆರೆಗಳು ಉದ್ದ, ಅಡ್ಡ ಅಥವಾ ಓರೆಯಾಗಿ ಮಾತ್ರ ಸಾಗುತ್ತವೆ, ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇರವಾದ ಕಡ್ಡಿಗಳಿಂದ ಬಾಗು ಗೆರೆಯನ್ನು ಬಿಡಿಸಲು ಹೆಣಗುವ ಬದಲು ಈ ಗೆರೆಗಳನ್ನೇ ಆರಿಸಿಕೊಳ್ಳುವುದು ಜಾಣತನ. ಗೋಪುರದ ವಿನ್ಯಾಸವೊಂದನ್ನು ಚೌಕಳಿ ಕಾಗದದ ಮೇಲೆ ಒಂದು ಹೊಲಿಗೆಗೆ 15 ಮಿ.ಮೀ. ಲೆಕ್ಕದಲ್ಲಿ ಹಿಗ್ಗಿಸಿ, ಗೆರೆಗಳಿಗೆ ಬಿಳಿ ಅಮೃತಶಿಲೆಯ ಕಡ್ಡಿ, ಹಿನ್ನೆಲೆಗೆ ಸ್ಲೇಟು ಎಂದು ಗೊತ್ತುಮಾಡಿಕೊಳ್ಳಬೇಕು. ಗೋಪುರದ ಒಳಗಿನ ಸ್ಲೇಟನ್ನು ಅಂಚಿನ ಮೇಲೆ ನಿಲ್ಲಿಸಿ ಹೊರಗಿನದನ್ನು ಮುಖ ಮೇಲಾಗಿ ಹಾಸಿದರೆ ಬಿಳಿ ಗೆರೆ ತೆಳುವಾಗಿದ್ದರೂ ಆಕೃತಿ ದೂರದಿಂದಲೇ ಎದ್ದು ಕಾಣುತ್ತದೆ. ಮುಖ ಮೇಲಾದ ಚೂರುಗಳು ತೆಳುವಾಗಿದ್ದರೆ ಅಷ್ಟು ಭಾಗದಲ್ಲಿ ಹಿನ್ನೆಲೆ ತಗ್ಗುತ್ತದೆ. ಅದನ್ನು ಸರಿಪಡಿಸಲೇಬೇಕೆಂದಿಲ್ಲ, ಆ ತಗ್ಗು ನೆರಳಿಗೆ ಸಹಾಯಕ.

ಕೂರಿಸುವುದು

ತಳಕ್ಕೆ 12 ಮಿ.ಮೀ. ದಪ್ಪದ ಸಿಮೆಂಟ್ ಬೋರ್ಡ್ ಒಳ್ಳೆಯದು. ಮನೆಯೊಳಗೆ ಮಾತ್ರ ಇರುವ ಫಲಕಕ್ಕೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮರೀನ್ ಪ್ಲೈವುಡ್ಡನ್ನೂ ಬಳಸಬಹುದು, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮಾತ್ರ ಕೂಡದು, ಏಕೆಂದರೆ ಪುಣೆಯ ಮಳೆಗಾಲದ ತೇವಕ್ಕೆ ಅದು ಉಬ್ಬುತ್ತದೆ. ಬಿಳಿ ಫೆವಿಕಾಲ್ ಬಗೆಯ ಅಂಟಿಗಿಂತ ಪಾಲಿಮರ್ ಬೆರೆತ ಸಿಮೆಂಟಿನ ಟೈಲ್ಸ್ ಅಂಟು ಸೂಕ್ತ. ಕಲ್ಲಿಗೆ ಒಗ್ಗುವುದೆಂದು ಚೀಲದ ಮೇಲೆ ಬರೆದಿರುವುದನ್ನೂ ಐಎಸ್ 15477 ಗುರುತನ್ನೂ ನೋಡಿ ಕೊಳ್ಳಬೇಕು. ಬೂದುಬಣ್ಣದ ಅಂಟಿಗೆ ಕಪ್ಪು ಐರನ್ ಆಕ್ಸೈಡನ್ನು ಪುಡಿಯ ತೂಕದ ಎರಡು ಮೂರು ಪ್ರತಿಶತದಷ್ಟು ಬೆರೆಸಿದರೆ ಸಂದುಗಳು ಕಲ್ಲಿನ ಬಣ್ಣಕ್ಕೆ ಹೊಂದುತ್ತವೆ. ಹೆಚ್ಚು ಬೆರೆಸಿದರೆ ಬಣ್ಣ ಅಷ್ಟೇನೂ ಏರದೆ ಹಿಡಿತ ಕುಗ್ಗುತ್ತದೆ.

ಸ್ಲೇಟಿನ ಕೆಲಸದಲ್ಲಿ ಚೂರುಗಳು ಉದುರುವುದಕ್ಕೆ ಬಹುಮಟ್ಟಿಗೆ ಕಾರಣ ಅಂಟಲ್ಲ, ಕಲ್ಲಿನ ಮೇಲೆ ಉಳಿದ ದೂಳು. ಎಲ್ಲ ಕಡ್ಡಿಗಳನ್ನೂ ಬ್ರಷ್ಷಿನಿಂದ ಉಜ್ಜಿ ತೊಳೆದು, ಉಗುರಿಗೆ ಏಳುವ ಸಡಿಲ ಪದರವಿದ್ದರೆ ಕಿತ್ತುಹಾಕಿ, ಒಣಗಿಸಿಟ್ಟುಕೊಳ್ಳಬೇಕು. ಅಂಟನ್ನು ಅಂಗೈಯಗಲದ ಜಾಗಕ್ಕೆ ಮಾತ್ರ 3ರಿಂದ 4 ಮಿ.ಮೀ. ದಪ್ಪಕ್ಕೆ ಹರಡಿ, ಮೊದಲು ಬಿಳಿ ಗೆರೆಗಳನ್ನೂ ಆಮೇಲೆ ಗೋಪುರದ ಒಳಭಾಗವನ್ನೂ ಕೊನೆಗೆ ಹಿನ್ನೆಲೆಯನ್ನೂ ತುಂಬಬೇಕು. ನಿಂತ ಕಡ್ಡಿ ತನ್ನ ಎತ್ತರದ ಮೂರನೇ ಒಂದು ಭಾಗ ಅಂಟಿನಲ್ಲಿ ಮುಳುಗಿದ್ದರೆ ಭದ್ರ. ಅಂಟು ಸಂದಿನಿಂದ ಮೇಲುಕ್ಕಿದರೆ ಹಾಸು ದಪ್ಪವಾಗಿದೆ ಎಂದರ್ಥ. ಉಕ್ಕಿದ್ದನ್ನು ಆಗಲೇ ಕಡ್ಡಿಯಿಂದ ತೆಗೆಯಬೇಕು, ಒರೆಸಬಾರದು, ಏಕೆಂದರೆ ಸೀಳುಮುಖದ ಒರಟಿನಲ್ಲಿ ಕೂತ ಸಿಮೆಂಟಿನ ಬಿಳಿಚು ಸುಲಭವಾಗಿ ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲಿ ಅಂಟಿನ ಮೇಲೆ ಬೇಗ ಕೆನೆಗಟ್ಟುತ್ತದೆ. ಬೆರಳಿಗೆ ಅಂಟದಷ್ಟು ಒಣಗಿದ್ದರೆ ಅದನ್ನು ಕೆರೆದೆಸೆದು ಹೊಸದನ್ನು ಹಚ್ಚಬೇಕೇ ಹೊರತು ನೀರು ಚಿಮುಕಿಸಿ ಮೆದು ಮಾಡಬಾರದು.

ಗೋಡೆಯ ಫಲಕಕ್ಕೆ ಗ್ರೌಟ್, ಎಂದರೆ ಸಂದು ಮುಚ್ಚುವ ಗಾರೆ, ತುಂಬುವ ಅಗತ್ಯವಿಲ್ಲ, ತುಂಬಿದರೆ ಅಂಚುಗಳ ನೆರಳೆಲ್ಲ ಮುಚ್ಚಿಹೋಗುತ್ತದೆ. ಮೇಜಿನ ಮೇಲ್ಮೈಗೋ ನೆಲಕ್ಕೋ ಆದರೆ ತುಂಬಲೇಬೇಕು. ಆಗ ಕಲ್ಲಿನೊಳಗೆ ಇಂಗಿ ಕಲೆ ತಡೆಯುವ ಸೀಲರನ್ನು ಮೊದಲೊಂದು ಸಲ ಕಲ್ಲಿನ ಮುಖಕ್ಕೆ ಹಚ್ಚಿ ಒಣಗಿಸಿ, ಗ್ರೌಟ್ ಆದ ಮೇಲೆ ಇನ್ನೊಂದು ಸಲ ಹಚ್ಚುವುದು ಕ್ರಮ. ಕಪ್ಪು ಏರಲೆಂದು ಎಣ್ಣೆ ಬಳಿಯುವ ಆಸೆ ಎಲ್ಲರಿಗೂ ಬರುತ್ತದೆ, ಅಭ್ಯಂಜನವಾದ ದೇವರ ಕಪ್ಪು ಶಿಲೆಯನ್ನು ನೋಡಿ ಬೆಳೆದವರಿಗೆ ಇನ್ನೂ ಹೆಚ್ಚು. ಆದರೆ ಕೊಬ್ಬರಿ ಎಣ್ಣೆ ಕಮಟು ಹಿಡಿದು ದೂಳನ್ನು ಸೆಳೆಯುತ್ತದೆ, ಅಗಸೆ ಎಣ್ಣೆಯ ಮೇಲೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಬಣ್ಣ ಗಾಢವಾಗಿಸುವ ಸೀಲರನ್ನೇ ಬಳಸಿ, ಅದನ್ನೂ ಮೊದಲು ಉಳಿದ ಚೂರಿನ ಮೇಲೆ ಪರೀಕ್ಷಿಸುವುದು ಒಳಿತು.

ತೂಗುಹಾಕುವುದು

ಮೊದಲ ಒಂದು ದಿನ ಫಲಕವನ್ನು ಕದಲಿಸದೆ, ಒಂದು ವಾರ ಮಲಗಿಸಿಯೇ ಇಟ್ಟು, ಮಳೆಗಾಲವಾದರೆ ಇನ್ನೂ ಕೆಲವು ದಿನ ಬಿಡಬೇಕು. ಸ್ಲೇಟಿನ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು ಇರುವುದರಿಂದ ನಾವು ಹೇಳಿದ ಅಳತೆಯ ಫಲಕ, ಬೋರ್ಡು ಮತ್ತು ಅಂಟು ಸೇರಿ, 12 ಕಿಲೋ ಆಸುಪಾಸು ತೂಗುತ್ತದೆ. ಒಂದು ಮೊಳೆಗೆ ತಂತಿ ಕಟ್ಟಿ ನೇತುಹಾಕುವ ತೂಕ ಇದಲ್ಲ. 45 ಡಿಗ್ರಿ ಓರೆಯಾಗಿ ಸೀಳಿದ ಮರದ ಪಟ್ಟಿಯ ಒಂದು ಭಾಗವನ್ನು ಗೋಡೆಗೂ ಇನ್ನೊಂದನ್ನು ಫಲಕದ ಹಿಂಬದಿಗೂ ತಿರುಪಿನಿಂದ ಬಿಗಿದು, ಒಂದರ ಮೇಲೊಂದನ್ನು ಕೂರಿಸಬೇಕು. ಫಲಕದ ಬದಿಯ ತಿರುಪುಗಳನ್ನು ಕಲ್ಲು ಅಂಟಿಸುವ ಮೊದಲೇ ಬೋರ್ಡಿನ ಮುಂಭಾಗದಿಂದ ಹಾಕಿಬಿಡುವುದು ಅನುಕೂಲ. ಹೊಸ ಕಟ್ಟಡಗಳ ಹಗುರ ಎಎಸಿ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬ್ಲಾಕಿನ ಗೋಡೆಗಳಲ್ಲಿ ತಿರುಪು ಹಿಡಿಯುವ ಮಾಮೂಲಿ ಪ್ಲಾಸ್ಟಿಕ್ ಗಟ್ಟಾ ನಿಲ್ಲದು, ಅದಕ್ಕೆಂದೇ ಮಾಡಿದ ಆಂಕರ್ ಕೇಳಿ ತರಬೇಕು. ಕಿಟಕಿಗೆ ಎದುರಾದ ಗೋಡೆಗಿಂತ ಅದರ ಪಕ್ಕದ ಗೋಡೆಯನ್ನು ಆರಿಸಿದರೆ ಬೆಳಕು ಓರೆಯಾಗಿ ಬಿದ್ದು ಅಂಚು ಮತ್ತು ಮುಖಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಾಲ್ಕನಿಯಲ್ಲಿ ಹಾಕಿದ್ದಾದರೆ ಪ್ರತಿ ಮಳೆಗಾಲ ಮುಗಿದ ಮೇಲೆ ಮರದ ಕಡ್ಡಿಯಿಂದ ಮೇಲೆಲ್ಲ ಮೆಲ್ಲಗೆ ತಟ್ಟುತ್ತ ಹೋಗಿ, ಬೊದ್ದು ಸದ್ದು ಬರುವ ಚೂರುಗಳನ್ನು ಎಬ್ಬಿಸಿ, ಹಳೆಯ ಅಂಟನ್ನು ಕೆರೆದು, ತೊಳೆದು ಒಣಗಿಸಿ ಮತ್ತೆ ಅಂಟಿಸಬೇಕು. ಇದಕ್ಕಾಗಿ ಅದೇ ಕಲ್ಲಿನ ಒಂದು ಹಿಡಿ ಕಡ್ಡಿಗಳನ್ನು ಮೊದಲೇ ತೆಗೆದಿಟ್ಟಿರಬೇಕು, ಏಕೆಂದರೆ ಮುಂದಿನ ವರ್ಷ ಅಂಗಡಿಗೆ ಬರುವ ಸರಕಿನ ಬಣ್ಣ ಇದಕ್ಕೆ ಹೊಂದುವುದಿಲ್ಲ.