ನಾಲ್ಕು ಕಲಂಗಳ ನೋಟ್‌ಬುಕ್: ದಿನದ ವಾದಗಳಿಗೆ ತತ್ವಶಾಸ್ತ್ರ ಬಳಸುವ ನನ್ನ ಕ್ರಮ

ತತ್ವಶಾಸ್ತ್ರವನ್ನು ದಿನಬಳಕೆಗೆ ತರಲು ಬೇಕಾದ್ದು ಇಷ್ಟೇ: ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪ್ರಶ್ನೆ, ನಮ್ಮ ಮಾತು ಒಪ್ಪದ ಒಬ್ಬರು. ಚಿಕ್ಕಮಗಳೂರಿನಲ್ಲಿ ಯಾರಾದರೂ ಸುತ್ತಿ ಬಳಸಿ ಮಾತಾಡಿದರೆ 'ಫಿಲಾಸಫಿ ಬೇಡ ಮಾರಾಯ, ವಿಷಯ ಹೇಳು' ಅನ್ನುವ ರೂಢಿ ಇದೆ. ಆದರೆ ಈ ಶಾಸ್ತ್ರ ಇರುವುದೇ ವಿಷಯಕ್ಕೆ ಬರುವುದಕ್ಕೆ. 'ತತ್ವ' ಎಂದರೆ 'ತತ್' ಎಂಬುದರ ಭಾವ, ವಸ್ತು ಹೇಗಿದೆಯೋ ಹಾಗೆ. ನಿನಗೇನು ಗೊತ್ತು, ಅದು ಹೇಗೆ ಗೊತ್ತಾಯಿತು, ಅದರಿಂದ ನೀನು ಏನು ಮಾಡಬೇಕೆಂದು ಹೊರಟಿದ್ದೀಯೆ: ಈ ಮೂರನ್ನು ಬೇರ್ಪಡಿಸುವ ಅಭ್ಯಾಸವನ್ನೇ ನಾನು ತತ್ವಶಾಸ್ತ್ರ ಎನ್ನುತ್ತೇನೆ.

ಪುಟಕ್ಕೆ ನಾಲ್ಕು ಕಲಂ ಎಳೆಯುತ್ತೇನೆ: ಕಂಡದ್ದು, ಊಹಿಸಿದ್ದು, ಹೋಲಿಸಿದ್ದು, ಕೇಳಿದ್ದು. ಗೌತಮ ಮುನಿಯ ನ್ಯಾಯದರ್ಶನ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ಒಪ್ಪುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳು, ಎಂದರೆ ತಿಳಿವಳಿಕೆಯ ದಾರಿಗಳು, ಇವೇ. ಕಂಡದ್ದನ್ನಷ್ಟೇ ನಂಬುವ ಚಾರ್ವಾಕರು ಮೊದಲನೆಯ ಒಂದನ್ನೇ ಒಪ್ಪಿದರು. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ಬೆಳೆದು ಬಂದ ಅದ್ವೈತ ಪರಂಪರೆಯಲ್ಲಿ ಆರು. ದಿನದ ಕೆಲಸಕ್ಕೆ ನಾಲ್ಕು ಸಾಕು, ಆದರೆ ಆರರಲ್ಲಿನ 'ಅನುಪಲಬ್ಧಿ', ಅಂದರೆ ಕಾಣದಿರುವುದರಿಂದ 'ಇಲ್ಲ' ಎಂದು ತಿಳಿಯುವುದು, ಒಂದು ಎಚ್ಚರಿಕೆ ಕೊಡುತ್ತದೆ. 'ಹುಡುಕಿ ನೋಡಿದೆ, ಇಲ್ಲ' ಎನ್ನುವುದು ತಿಳಿವಳಿಕೆ. 'ನನ್ನ ಕಣ್ಣಿಗೆ ಬೀಳಲಿಲ್ಲ' ಎನ್ನುವುದು ಅಲ್ಲ. ಇದ್ದರೆ ಕಾಣಲೇಬೇಕಾಗಿದ್ದ ಜಾಗದಲ್ಲಿ ಹುಡುಕಿದ್ದೀರಾ ಎಂದು ಕೇಳಿಕೊಂಡ ಮೇಲೇ 'ಇಲ್ಲ' ಎಂದು ಬರೆಯಬೇಕು.

ಅನುಮಾನದ, ಅಂದರೆ 'ಊಹಿಸಿದ್ದು' ಕಲಂ ತುಂಬುವುದೇ ಕಷ್ಟ. ಅರೇಬಿಕಾ ತೋಟದಲ್ಲಿ ಒಂದು ಗಿಡದ ಎಲೆ ಹಳದಿಯಾಗಿದೆ. 'ಬೋರರ್ (ಕಾಂಡ ಕೊರೆಯುವ ಹುಳು) ಬಿದ್ದಿದೆ' ಎಂದು ಬಾಯಿಗೆ ಬಂದುಬಿಡುತ್ತದೆ. ಹೇತು, ಅಂದರೆ ಕೊಟ್ಟ ಕಾರಣ, ಏನು? ಎಲೆ ಹಳದಿ. ಆದರೆ ಸಾರಜನಕ ಸಾಲದಿದ್ದರೂ ಎಲೆ ಹಳದಿಯಾಗುತ್ತದೆ, ಬುಡದಲ್ಲಿ ನೀರು ನಿಂತರೂ, ಬೇರು ಕೊಳೆತರೂ ಆಗುತ್ತದೆ. 'ಸಾಧ್ಯ', ಅಂದರೆ ಸಾಧಿಸಹೊರಟ ಸಂಗತಿ, ಇರುವಲ್ಲೂ ಇಲ್ಲದಲ್ಲೂ ಕಾಣುವ ಇಂಥ ಹೇತುವನ್ನು ನ್ಯಾಯದರ್ಶನದವರು 'ಸವ್ಯಭಿಚಾರ' ಎಂದರು. ಐದು ಹೇತ್ವಾಭಾಸಗಳಲ್ಲಿ (ಹೇತುವಿನಂತೆ ಕಾಣುವ ತಪ್ಪು ಹೇತುಗಳಲ್ಲಿ) ಮೊದಲನೆಯದು ಅದು, ಮನೆಮಾತಿನಲ್ಲಿ ಅತಿ ಹೆಚ್ಚು ನಡೆಯುವ ತಪ್ಪೂ ಅದೇ. ಈಗ ಹೇತು ಬದಲಿಸಿ, ವಾದವನ್ನು ಐದು ಅವಯವಗಳಲ್ಲಿ, ಅಂದರೆ ಐದು ಹೆಜ್ಜೆಗಳಲ್ಲಿ, ಬರೆಯಿರಿ.

ಪ್ರತಿಜ್ಞೆ (ಸಾಧಿಸಬೇಕಾದ ಮಾತು): ಈ ಗಿಡಕ್ಕೆ ಬಿಳಿ ಕಾಂಡಕೊರಕ ತಗುಲಿದೆ.
ಹೇತು: ಕಾಂಡದ ಮೇಲೆ ಉಬ್ಬು ಗೆರೆಗಳಿವೆ.
ಉದಾಹರಣೆ: ಎಲ್ಲಿ ಇಂಥ ಉಬ್ಬುಗೆರೆಯೋ ಅಲ್ಲಿ ಹುಳು ಕೊರೆದಿರುತ್ತದೆ, ಹೋದ ವರ್ಷ ಕಿತ್ತ ಗಿಡಗಳಲ್ಲಿ ಇದ್ದಂತೆ.
ಉಪನಯ (ನಿಯಮವನ್ನು ಇಲ್ಲಿಗೆ ಹಚ್ಚುವುದು): ಈ ಕಾಂಡದಲ್ಲೂ ಅಂಥದೇ ಗೆರೆ.
ನಿಗಮನ (ತೀರ್ಮಾನ): ಆದ್ದರಿಂದ ಇದಕ್ಕೂ ಬೋರರ್.

ಬೆಟ್ಟದಲ್ಲಿ ಹೊಗೆ, ಆದ್ದರಿಂದ ಬೆಂಕಿ ಎಂಬ ಹಳೆಯ ಪಾಠದ ಅಚ್ಚೇ ಇದು. ಮೂರನೇ ಸಾಲಿನಲ್ಲಿ ನಿಯಮವೂ ಬೇಕು, ಕಂಡ ನಿದರ್ಶನವೂ ಬೇಕು. ಬರೀ ನಿಯಮ ಬರೆದರೆ ಪುಸ್ತಕದ ಮಾತಾಗುತ್ತದೆ, ಬರೀ ನಿದರ್ಶನ ಬರೆದರೆ ಕಾಕತಾಳೀಯ. ಆಮೇಲೆ ಕಾಂಡ ಸೀಳಿ, ಒಳಗೆ ಸುರಂಗ ಇದೆಯೇ ನೋಡಿ. ಇದ್ದರೆ ಸಾಲು 'ಊಹಿಸಿದ್ದು' ಕಲಂನಿಂದ 'ಕಂಡದ್ದು' ಕಲಂಗೆ ಹೋಗುತ್ತದೆ. ಸೀಳಿದ ಗಿಡ ಹೋಯಿತು, ನಿಜ. ಆದ್ದರಿಂದಲೇ ಊಹೆ ಮೊದಲು ಗಟ್ಟಿಯಾಗಿರಬೇಕು.

'ಹೋಲಿಸಿದ್ದು' ಕಲಂನಲ್ಲಿ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಒಂದು ಸಾಲು ಬರೆಯಿರಿ. ಅರೇಬಿಕಾಕ್ಕೆ ಹೇಳಿದ್ದು ರೋಬಸ್ಟಾಕ್ಕೆ ಹಾಗೇ ಹೊಂದುವುದಿಲ್ಲ.

'ಕೇಳಿದ್ದು' ಕಲಂಗೆ 'ಆಪ್ತ'ನ, ಅಂದರೆ ಮಾತು ನಂಬಬಹುದಾದವನ, ಲಕ್ಷಣ ಹಚ್ಚಿ ನೋಡಬೇಕು. ವಿಷಯವನ್ನು ತಾನೇ ಬಲ್ಲವನಾಗಿರಬೇಕು, ತಿಳಿದದ್ದನ್ನು ತಿಳಿದಂತೆಯೇ ಹೇಳುವ ಇಚ್ಛೆ ಇರಬೇಕು. 'ಕಾಫಿ ಬೆಲೆ ಬೀಳುತ್ತೆ, ಇವತ್ತೇ ಮೂಟೆ ಕೊಟ್ಟುಬಿಡಿ' ಎಂದು ಕೊಳ್ಳುವವನೇ ಹೇಳಿದರೆ ಅವನಿಗೆ ವಿಷಯ ಗೊತ್ತಿರಬಹುದು, ಆದರೆ ಎರಡನೆಯ ಅಳತೆಯಲ್ಲಿ ಸಂಶಯ ಬರುತ್ತದೆ. ವಾಟ್ಸಾಪ್‌ನಲ್ಲಿ ಅದನ್ನೇ ಕಳಿಸುವ ಸ್ನೇಹಿತನಿಗೆ ಒಳ್ಳೆಯ ಮನಸ್ಸಿದೆ, ಮೊದಲನೆಯದು ಇಲ್ಲ. ಇಬ್ಬರನ್ನೂ 'ಸುಳ್ಳುಗಾರ' ಎನ್ನಬೇಕಾಗಿಲ್ಲ. ಆ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು.

ಇದು ಒಬ್ಬರೇ ಕೂತು ಮಾಡುವ ಕೆಲಸ. ಗುಂಪಿನಲ್ಲಿ ಮಾಡುವಾಗ ಆರರಿಂದ ಹತ್ತು ಜನ, ಒಂದೂವರೆ ಗಂಟೆ, ಒಂದೇ ಪ್ರಶ್ನೆ. ಹತ್ತು ದಾಟಿದರೆ ಭಾಷಣ ಶುರುವಾಗುತ್ತದೆ. ಮೊದಲ ಹದಿನೈದು ನಿಮಿಷ ಪ್ರಶ್ನೆಯನ್ನು ತಿದ್ದುವುದಕ್ಕೇ ಮೀಸಲು. ಶ್ರವಣಬೆಳಗೊಳದ 1368ರ ಶಾಸನವನ್ನು ಇದಕ್ಕಾಗಿಯೇ ಓದಿಸುತ್ತೇನೆ. ಜೈನರಿಗೂ ವೈಷ್ಣವರಿಗೂ ಜಗಳವಾಗಿ ದೂರು ವಿಜಯನಗರದ ಅರಸ ಬುಕ್ಕರಾಯನ ಬಳಿಗೆ ಹೋಯಿತು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ್ದಷ್ಟೇ ಅಲ್ಲ, ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಸಲ್ಲುತ್ತವೆ ಎಂದೂ ಆ ಶಾಸನದಲ್ಲಿದೆ. ಯಾವ ವಸ್ತುವಿಗಾಗಿ ಜಗಳ ಎಂದು ಹೆಸರಿಟ್ಟು ಹೇಳಿದಾಗ ತೀರ್ಪಿಗೆ ಹಿಡಿತ ಸಿಕ್ಕಿತು.

ಪಾಲಿನ ಜಗಳಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಎಂಟು ಎಕರೆ ಕಾಫಿ ತೋಟ, ಇಬ್ಬರಿಗೆ ನಾಲ್ಕು ನಾಲ್ಕು ಎಕರೆ. ಒಬ್ಬರದು ಹಳ್ಳದ ಪಕ್ಕ, ಪಂಪ್‌ಸೆಟ್ ಅಲ್ಲೇ. ಇನ್ನೊಬ್ಬರದು ಒಣ ಇಳಿಜಾರು. ಪಾಲು ಸಮವೇ? ಇಲ್ಲಿ ಜೈನರ ಸ್ಯಾದ್ವಾದ, ಅಂದರೆ ಯಾವ ಮಾತನ್ನೂ 'ಈ ನಿಟ್ಟಿನಿಂದ' ಎಂದು ಸೇರಿಸಿಯೇ ಹೇಳುವ ಕ್ರಮ, ಕೆಲಸಕ್ಕೆ ಬರುತ್ತದೆ. ವಿಸ್ತೀರ್ಣದ ನಿಟ್ಟಿನಿಂದ ಸಮ. ನೀರಿನ ನಿಟ್ಟಿನಿಂದ ಸಮವಲ್ಲ. ಎರಡನ್ನೂ ಒಂದಾದಮೇಲೊಂದು ಹೇಳಿದರೆ ಸಮವೂ ಹೌದು, ಅಲ್ಲವೂ ಹೌದು. ಒಂದೇ ಮಾತಿನಲ್ಲಿ, ಒಂದೇ ಸಲ ಹೇಳು ಎಂದರೆ ಹೇಳಲಾಗದು, ಅದೇ 'ಅವಕ್ತವ್ಯ'. ಹೀಗೆ ಹೇಳುವ ಏಳು ಬಗೆಗೆ ಸಪ್ತಭಂಗಿ ಎಂದು ಹೆಸರು, ಅದರ ಉಳಿದ ಮೂರು ಇವುಗಳ ಜೋಡಣೆ. 'ಸ್ಯಾತ್' ಎಂದರೆ 'ಇರಬಹುದೇನೋ' ಎಂದು ತಿಳಿಯುವುದು ದೊಡ್ಡ ತಪ್ಪು. 'ಎಲ್ಲರೂ ಅವರವರ ಮಟ್ಟಿಗೆ ಸರಿ' ಎಂದು ಜಾರಿಕೊಳ್ಳುವುದು ಅದಕ್ಕಿಂತ ದೊಡ್ಡದು. ಯಾವ ನಿಟ್ಟಿನಿಂದ ಎಂದು ಹೇಳಿದ ಮೇಲೆ ಮಾತು ಖಚಿತವಾಗುತ್ತದೆ, ಅಳೆಯಲೂ ಬರುತ್ತದೆ.

ಮುಂದಿನ ಹೆಜ್ಜೆ 'ಇದೆ'ಯಿಂದ 'ಬೇಕು'ಗೆ. 'ಅಣ್ಣನೇ ಇಪ್ಪತ್ತು ವರ್ಷ ತೋಟ ನೋಡಿಕೊಂಡ, ಆದ್ದರಿಂದ ಅವನಿಗೆ ಹಳ್ಳದ ಕಡೆ ಸಿಗಬೇಕು.' ಮೊದಲ ಭಾಗ ಸಂಗತಿ, ಎರಡನೆಯದು ಮೌಲ್ಯ. 18ನೇ ಶತಮಾನದ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತೋರಿಸಿದ ಬಿರುಕು ಇದು. ನಡುವೆ 'ದುಡಿದವನಿಗೆ ಹೆಚ್ಚು ಸಲ್ಲಬೇಕು' ಎಂಬ ಸಾಲು ಅಡಗಿ ಕೂತಿದೆ. ಅದನ್ನು ಹೊರಗೆ ಬರೆಸಿದ ಕೂಡಲೇ ಅಡುಗೆಮನೆಯಲ್ಲಿ, ಕಾಫಿ ಕಣದಲ್ಲಿ ದುಡಿದ ಅಕ್ಕನ ಲೆಕ್ಕ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿಬಿಟ್ಟಿದೆ. ಆ ಹಕ್ಕು ಚರ್ಚೆಗಿಲ್ಲ. ಪಂಪಿನ ನೀರು ಯಾರಿಗೆ ಎಷ್ಟು ಹೊತ್ತು ಎಂಬುದನ್ನು ಮಾತ್ರ ಕೂತೇ ತೀರ್ಮಾನಿಸಬೇಕು.

ಇಷ್ಟೆಲ್ಲ ಮಾಡಿದರೂ ಸಭೆ ಕೆಡುವುದು ಒಂದು ಕಡೆ: ವಾದ ಜಲ್ಪವಾದಾಗ. ನಿಜ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದೇನೂ ಇಡದೆ ಎದುರಿನವರದನ್ನು ಕೆಡವುವುದು ವಿತಂಡ. ಗುರುತು ಸುಲಭ. 'ನೀನು ಹಿಂದೆ ಹೀಗಂದಿದ್ದೆ' ಎಂಬ ಮಾತು ಬಂದರೆ ಜಲ್ಪ ಶುರುವಾಗಿದೆ. ಆಗ ಪೂರ್ವಪಕ್ಷದ ನಿಯಮ ಹಾಕುತ್ತೇನೆ: ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ನೀವೇ ಹೇಳಿ, ಅವರು 'ಹೌದು, ನಾನು ಹೇಳಿದ್ದು ಅದೇ' ಅನ್ನಬೇಕು. ಸಾಮಾನ್ಯವಾಗಿ ಎರಡು ಮೂರು ಸಲ ತಪ್ಪುತ್ತದೆ. ದನಿ ಇಳಿಯುವುದೂ ಆಗಲೇ. ಇಬ್ಬರೂ ಊಟ ಮಾಡದೆ ಬಂದಿದ್ದರೆ ಮಾತ್ರ ಈ ನಿಯಮವೂ ನಡೆಯುವುದಿಲ್ಲ, ಹಾಗಾಗಿ ನಾನು ಸಭೆಯನ್ನು ಸಂಜೆಯ ತಿಂಡಿ ಆದ ಮೇಲೇ ಇಡುತ್ತೇನೆ.

ಕೊನೆಯ ಹತ್ತು ನಿಮಿಷ ಬರವಣಿಗೆಗೆ. ಒಪ್ಪಿದ್ದನ್ನು ಪೆನ್ನಿನಲ್ಲಿ, ಒಪ್ಪದೆ ಉಳಿದದ್ದನ್ನು ಪೆನ್ಸಿಲ್‌ನಲ್ಲಿ, ಪಕ್ಕದಲ್ಲಿ ತಾರೀಖು. ಮೂರು ತಿಂಗಳ ನಂತರ ಅದೇ ಪುಟ ತೆಗೆದು ಪೆನ್ಸಿಲ್ ಸಾಲುಗಳನ್ನಷ್ಟೇ ಓದುತ್ತೇವೆ.