ಬೆಳ್ಳಗಿರೋದೆಲ್ಲ ಮಂಜುಗಡ್ಡೆಯಲ್ಲ

ದಾವಣಗೆರೆಯಲ್ಲಿ ಕೂತು ಉತ್ತರ ಧ್ರುವದ ಮಂಜುಗಡ್ಡೆ ಗುರುತಿಸುತ್ತೇನೆ ಅಂದರೆ ನಮ್ಮಮ್ಮ ಈಗಲೂ ನಗುತ್ತಾರೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರಗಳು ಪುಕ್ಕಟೆ, ಅವನ್ನು ತೆರೆಯುವ ಸ್ನ್ಯಾಪ್ ಸಾಫ್ಟ್‌ವೇರ್ ಕೂಡ ಪುಕ್ಕಟೆ. ಲ್ಯಾಪ್‌ಟಾಪ್ ಮಾತ್ರ ಹಳೇದು. ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಕೆಲಸವೆಲ್ಲ ಮತ್ತೆ ಮೊದಲಿಂದ.

ಧ್ರುವದಲ್ಲಿ ಚಳಿಗಾಲವಿಡೀ ಕತ್ತಲು, ಬೇಸಿಗೆಯಲ್ಲಿ ಮೋಡ. ಸೆಂಟಿನೆಲ್-1ರಲ್ಲಿರೋ ರೇಡಾರ್‌ಗೆ ಎರಡೂ ಅಡ್ಡಿಯಲ್ಲ. ಸುಮಾರು 5.5 ಸೆಂ.ಮೀ. ಉದ್ದದ ರೇಡಿಯೋ ಅಲೆಯನ್ನು ತಾನೇ ಬಿಟ್ಟು, ವಾಪಸ್ ಬಂದದ್ದನ್ನು ಅಳೆಯುತ್ತದೆ. ನಾನು ಮೊದಲು ಇಳಿಸಿಕೊಂಡದ್ದು ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್‌ಬಾರ್ಡ್ ನಡುವಿನ ಫ್ರಾಮ್ ಜಲಸಂಧಿಯ ಚಿತ್ರ, 400 ಕಿ.ಮೀ. ಅಗಲದ್ದು. ಬಿಳಿ ಅಂದರೆ ಮಂಜುಗಡ್ಡೆ, ಕಪ್ಪು ಅಂದರೆ ನೀರು ಅಂತ ಗೆರೆ ಎಳೆದುಬಿಟ್ಟೆ. ಮರುದಿನದ ಚಿತ್ರದಲ್ಲಿ ನನ್ನ ಅರ್ಧ ಮಂಜುಗಡ್ಡೆಯೇ ಮಾಯ!

ತಲೆಕೆಟ್ಟು ನಮ್ಮ ಸೂಳೆಕೆರೆಯ ಚಿತ್ರ ತೆಗೆದೆ. ಆಷಾಢದ ಒಂದು ಬೆಳಗ್ಗೆ ಕೆರೆಯ ಅರ್ಧ ಬೂದಿ ಬಣ್ಣ. ಕಾರ್ತಿಕದಲ್ಲಿ ಪೂರ್ತಿ ಕಾಡಿಗೆ ಕಪ್ಪು. ಅದೇ ಕೆರೆ, ಅದೇ ನೀರು. ವ್ಯತ್ಯಾಸ ಗಾಳಿಯದ್ದು. ರೇಡಾರ್ ಓರೆಯಾಗಿ ನೋಡುತ್ತದೆ. ನೀರು ನುಣುಪಾಗಿದ್ದರೆ ರೇಡಾರ್ ಅಲೆ ಕೇರಂ ಸ್ಟ್ರೈಕರ್ ಹಾಗೆ ಆ ಕಡೆ ಚಿಮ್ಮಿ ಹೋಗುತ್ತದೆ. ಗಾಳಿಗೆ ನೀರಿನ ಮೈ ಒರಟಾದರೆ ಒಂದಷ್ಟು ವಾಪಸ್ ಬರುತ್ತದೆ, ಬೆಳ್ಳಗೆ ಕಾಣುತ್ತದೆ. ಫ್ರಾಮ್‌ನಲ್ಲಿ ನಾನು ಮಂಜುಗಡ್ಡೆ ಅಂದುಕೊಂಡಿದ್ದು ಗಾಳಿ ಬೀಸಿದ ಸಮುದ್ರ ಅಷ್ಟೇ.

ಅಲ್ಲಿವರೆಗೆ ನೋಡುತ್ತಿದ್ದದ್ದು ಎಚ್‌ಎಚ್ ಚಿತ್ರ: ಅಲೆಯನ್ನು ಅಡ್ಡಲಾಗಿ ಕಂಪಿಸುವಂತೆ ಕಳಿಸಿ, ಅಡ್ಡಲಾಗಿಯೇ ಹಿಡಿದದ್ದು. ಆಮೇಲೆ ಅದೊಂದನ್ನೇ ನಂಬೋದು ಬಿಟ್ಟೆ. ಜೊತೆಗೆ ಎಚ್‌ವಿ ಚಿತ್ರವೂ ಸಿಗುತ್ತದೆ: ಅಡ್ಡಲಾಗಿ ಕಳಿಸಿ ಲಂಬವಾಗಿ ಹಿಡಿದದ್ದು. ಅದರಲ್ಲಿ ಗಾಳಿಯ ಆಟ ಕಡಿಮೆ. ವರ್ಷ ದಾಟಿದ ಹಳೇ ಮಂಜುಗಡ್ಡೆ ಮಾತ್ರ ಎದ್ದು ಕಾಣುತ್ತದೆ. ಅದರ ಉಪ್ಪು ಇಳಿದು ಹೋಗಿರುತ್ತದೆ, ಒಳಗಿನ ಗಾಳಿಗುಳ್ಳೆಗಳು ಅಲೆಯನ್ನು ಚದುರಿಸುತ್ತವೆ.

ಎಚ್‌ವಿಯಲ್ಲಿ ಇನ್ನೊಂದು ಕಿರಿಕಿರಿ. ಚಿತ್ರ ಐದು ಪಟ್ಟಿಗಳಿಂದ ಆದದ್ದು. ಥರ್ಮಲ್ ನಾಯ್ಸ್, ಅಂದರೆ ಉಪಕರಣದ್ದೇ ಗದ್ದಲ, ತೆಗೆಯದೆ ಮುಂದುವರಿದರೆ ಕೌದಿ ಹೊಲಿದ ಹಾಗೆ ಪಟ್ಟಿ ಪಟ್ಟಿ. ನಾನೊಮ್ಮೆ ಅದನ್ನು ಮರೆತು, ಒಂದು ಪಟ್ಟಿಯ ಅಂಚನ್ನೇ ಮಂಜುಗಡ್ಡೆಯ ಅಂಚು ಅಂತ ಗುರುತು ಮಾಡಿದ್ದೆ! ಈಗ ಮೊದಲು ಅದನ್ನು ತೆಗೆದು, ಕ್ಯಾಲಿಬ್ರೇಟ್ ಮಾಡಿ (ಚಿತ್ರದ ಅಂಕಿಗಳನ್ನು ಸರಿಯಾದ ಅಳತೆಗೆ ತಂದು), ಆಮೇಲೆ ರವೆ ಚೆಲ್ಲಿದಂಥ ಚುಕ್ಕೆಗಳನ್ನು ಫಿಲ್ಟರ್ ಮಾಡುತ್ತೇನೆ.

ಹೊಸದಾಗಿ ಕಟ್ಟಿದ ತೆಳು ಮಂಜುಗಡ್ಡೆಯ ಹತ್ತಿರ ಮಾತ್ರ ಇನ್ನೂ ಸೋಲುತ್ತೇನೆ. ಅದೂ ನುಣುಪು, ಅದೂ ಕಪ್ಪು. ಸುಮ್ನೆ ನೋಡಿದರೆ ತಿಳಿನೀರಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಹಿಂದಿನ, ಮುಂದಿನ ದಿನದ ಚಿತ್ರ ಇಟ್ಟು ನೋಡುತ್ತೇನೆ. ಆಗಲೂ ಬಗೆಹರಿಯದಿದ್ದರೆ ಹಳದಿ ಬಣ್ಣ ಹಚ್ಚಿ ‘ಅನುಮಾನ’ ಅಂತ ಬರೆದಿಡುತ್ತೇನೆ. ಕಳೆದ ವಾರದ ನಕ್ಷೆಯಲ್ಲಿ ಹಳದಿಯೇ ಜಾಸ್ತಿ.